ಬಾಣಂತಿ ಸನ್ನಿ: ಗಾಳಿ, ದೃಷ್ಟಿ, ಹರಕೆ ಎನ್ನುವ ಮನೆಯಲ್ಲಿ ಆಶಾ ಕಾರ್ಯಕರ್ತೆ ಏನು ನೋಡಬೇಕು, ಏನು ಹೇಳಬೇಕು?

ತರಬೇತಿ_ಟಿಪ್ಪಣಿ (ಪ್ರಶ್ನೆ)

ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ಬಾಣಂತಿ ಸನ್ನಿಯ (ಹೆರಿಗೆಯಾದ ಮೇಲೆ ಬರುವ ತೀವ್ರ ಮನೋರೋಗದ) ಬಗ್ಗೆ ಎರಡು ಗಂಟೆಯ ತರಬೇತಿ ಇದೆ. ಅದಕ್ಕೆ ಟಿಪ್ಪಣಿ ಬರೆಯುತ್ತಿದ್ದೇನೆ. ಕೈಗೆ ಸಿಕ್ಕಿರುವುದು ಲಕ್ಷಣಗಳ ಪಟ್ಟಿ ಮಾತ್ರ. ಹಳ್ಳಿಯ ಮನೆಯೊಳಗೆ ಕಾಲಿಟ್ಟರೆ ಅಲ್ಲಿ ಕೇಳಿಬರುವ ಮಾತೇ ಬೇರೆ. "ಹುಣಸೇಮರದ ಕೆಳಗೆ ಹಾದು ಬಂದಳು, ಗಾಳಿ ಸೋಕಿದೆ." "ಯಾರದೋ ಕಣ್ಣು ಬಿತ್ತು." "ಹರಕೆ ಬಾಕಿ ಇತ್ತು, ಅಮ್ಮ ಮುನಿದಿದ್ದಾಳೆ." ಆಶಾ ಹೋಗುವ ಹೊತ್ತಿಗೆ ಅಂತ್ರ ಕಟ್ಟಿಸಿ, ಕಣಿ ಕೇಳಿ ಆಗಿರುತ್ತದೆ. ಆಸ್ಪತ್ರೆಯ ಮಾತು ಬರುವುದು ಎಲ್ಲಾ ಮುಗಿದ ಮೇಲೆ.

ತಿಳಿದವರು ಹೇಳಿ: ಸನ್ನಿ ಯಾವುದು, ಹೆರಿಗೆಯಾದ ಮೇಲಿನ ಸಾಮಾನ್ಯ ಅಳು ಯಾವುದು, ದೇವರು ಮೈಮೇಲೆ ಬರುವುದು ಯಾವುದು ಎಂದು ಮನೆಯಲ್ಲೇ ಹೇಗೆ ಗುರುತಿಸುವುದು? ದೇವಸ್ಥಾನ ಬೇಡ ಎಂದರೆ ಮನೆಯವರು ಆಶಾಳನ್ನೇ ದೂರ ಇಡುತ್ತಾರೆ, ಹಾಗಾದರೆ ಏನು ಹೇಳಬೇಕು? ಹೆರಿಗೆ ಕೋಣೆಯಲ್ಲಿ ಬಿದ್ದ ಏಟು, ಹೆಣ್ಣುಮಗು ಎಂಬ ಚುಚ್ಚುಮಾತು, ಗಂಡನ ಹೊಡೆತ, ಇವು ಸನ್ನಿ ತರುತ್ತವೆಯೇ? ಗುಣವಾದವರು ಮತ್ತೆ ಯಾಕೆ ಬೀಳುತ್ತಾರೆ?

ಹಗಲು_ಓಪಿಡಿ

ಪಟ್ಟಿಗಿಂತ ಮೊದಲು ಒಂದೇ ಒಂದು ಪ್ರಶ್ನೆ ಕಲಿಸಿ: "ಮಗು ಮಲಗಿದಾಗ ನಿನಗೆ ನಿದ್ದೆ ಹತ್ತುತ್ತಾ?"

ಬಾಣಂತಿಗೆ ನಿದ್ದೆ ಕೆಡುವುದು ಸಹಜ. ಆದರೆ ಅಜ್ಜಿ ಮಗುವನ್ನು ಮೂರು ಗಂಟೆ ಎತ್ತಿಕೊಂಡು ಹೊರಗೆ ಕೂತರೂ ಇವಳಿಗೆ ಕಣ್ಣು ಮುಚ್ಚುವುದಿಲ್ಲ, ಬೆಳಿಗ್ಗೆ ಸುಸ್ತಿನ ಸುಳಿವೂ ಇಲ್ಲದೆ ಪಟಪಟ ಮಾತಾಡುತ್ತಾಳೆ, ಇಲ್ಲವೇ ಮೂಲೆ ನೋಡುತ್ತಾ ಗುಮ್ಮನೆ ಕೂರುತ್ತಾಳೆ ಎಂದರೆ ಅದು ಸಹಜವಲ್ಲ. ಎರಡು ರಾತ್ರಿ ಹೀಗಾದರೆ ಮೂರನೇ ರಾತ್ರಿಗೆ ಕಾಯಬಾರದು. ಅವತ್ತೇ ವೈದ್ಯರ ಹತ್ತಿರ ಕಳಿಸಬೇಕು.

ಸನ್ನಿ ಬರುವುದು 1000 ಹೆರಿಗೆಗೆ ಒಂದೋ ಎರಡೋ. ವರ್ಷಕ್ಕೆ 500 ಹೆರಿಗೆಯಾಗುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರು ಸಿಗಬಹುದು, ಸಿಗದೆಯೂ ಇರಬಹುದು. ಅಪರೂಪ ಎನ್ನುವ ಕಾರಣಕ್ಕೇ ಇದು ತಪ್ಪಿಹೋಗುತ್ತದೆ. ಬಹುಪಾಲು ಶುರುವಾಗುವುದು ಮೊದಲ ಎರಡು ವಾರದೊಳಗೆ, ಅದರಲ್ಲೂ ಮೂರರಿಂದ ಹತ್ತನೇ ದಿನದ ನಡುವೆ ಹೆಚ್ಚು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಹೋಗುವುದು 3, 7, 14, 21, 28 ಮತ್ತು 42ನೇ ದಿನ. ಮೊದಲ ಮೂರು ಭೇಟಿ ಸರಿಯಾಗಿ ಈ ಕಿಟಕಿಯಲ್ಲೇ ಬೀಳುತ್ತವೆ. ಆ ಭೇಟಿಗಳಲ್ಲಿ ಎಲ್ಲರೂ ಮಗುವಿನ ತೂಕ, ಹೊಕ್ಕುಳು ನೋಡುತ್ತಾರೆ. ತಾಯಿಯ ಮುಖ ನೋಡಿ ಎರಡು ಮಾತಾಡಿಸುವುದು ಬಿಟ್ಟುಹೋಗುತ್ತದೆ.

ಇನ್ನು ಬೇರ್ಪಡಿಸುವ ವಿಷಯ. ಮೂರು ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬಂದು, ಸಮಾಧಾನ ಮಾಡಿದರೆ ತಗ್ಗಿ, ಹತ್ತು ಹದಿನಾಲ್ಕು ದಿನದೊಳಗೆ ತಾನಾಗಿ ಹೋದರೆ ಅದು ಸಾಮಾನ್ಯ ಅಳು. ಎರಡು ವಾರ ದಾಟಿಯೂ ಬೇಸರ, ಮಗುವಿನ ಮೇಲೆ ಮನಸ್ಸಿಲ್ಲ, ಬದುಕೇ ಬೇಡ ಎಂದರೆ ಖಿನ್ನತೆ. ಸನ್ನಿಯಲ್ಲಿ ನಿಜ ಯಾವುದು ಎಂಬ ಹಿಡಿತವೇ ತಪ್ಪುತ್ತದೆ. "ಇದು ನನ್ನ ಮಗು ಅಲ್ಲ, ಆಸ್ಪತ್ರೆಯಲ್ಲಿ ಬದಲಾಯಿಸಿದ್ದಾರೆ", "ನಾನೇ ಎಲ್ಲಮ್ಮ", "ಹಾಲಿನಲ್ಲಿ ವಿಷ ಹಾಕಿದ್ದಾರೆ". ಇಲ್ಲದ ದನಿಗೆ ಉತ್ತರ ಕೊಡುತ್ತಾಳೆ. ದಿನ, ಹೊತ್ತು ಗೊಂದಲವಾಗುತ್ತದೆ. ಹತ್ತು ಪ್ರಶ್ನೆಯ ಎಡಿನ್‌ಬರೋ ಮಾಪನ ಕನ್ನಡದಲ್ಲೂ ಇದೆ. 30ಕ್ಕೆ 13 ಅಥವಾ ಹೆಚ್ಚು ಬಂದರೆ ಖಿನ್ನತೆ ಇರಬಹುದೆಂದು ಕಳಿಸುತ್ತಾರೆ. ಆದರೆ ಅದು ಖಿನ್ನತೆಗೆ ಮಾಡಿದ ಮಾಪನ, ಸನ್ನಿಯನ್ನು ಹಿಡಿಯುವುದಿಲ್ಲ. ಸನ್ನಿ ಇರುವವಳಿಗೆ 4 ಅಂಕ ಬಂದದ್ದನ್ನು ನೋಡಿ ನಿಶ್ಚಿಂತರಾಗಬೇಡಿ.

ಮೈಮೇಲೆ ಬರುವುದಕ್ಕೆ ಹೊತ್ತು, ಜಾಗ ಇರುತ್ತದೆ. ಜಾತ್ರೆ, ತಮಟೆ, ಮಂಗಳಾರತಿ. ಊರಿನವರಿಗೆ ಅದರ ಗುರುತು ಇರುತ್ತದೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ನೀರು ಕುಡಿದು ಮನೆಗೆ ಬಂದು ಎಂದಿನಂತೆ ಮುದ್ದೆ ತಿರುವುತ್ತಾಳೆ. ಸನ್ನಿಗೆ ಇಳಿಯುವ ಹೊತ್ತೆಂಬುದಿಲ್ಲ. ನಿದ್ದೆ, ಊಟ, ಮಗುವಿನ ಆರೈಕೆ ಎಲ್ಲವನ್ನೂ ಕೆಡಿಸುತ್ತದೆ. ಬಾಯಲ್ಲಿ ಬರುವ ಹೆಸರು ದೇವರದ್ದೋ ದೆವ್ವದ್ದೋ ಎಂಬುದರಿಂದ ಕಾಯಿಲೆ ತೀರ್ಮಾನವಾಗುವುದಿಲ್ಲ. ಅವಳು ಬೆಳೆದ ಮನೆಯಲ್ಲಿ ಯಾವ ಹೆಸರುಗಳಿದ್ದವೋ ಅವೇ ಬಾಯಿಗೆ ಬರುತ್ತವೆ.

ಒಂದು ಸಂಗತಿಯನ್ನು ತರಬೇತಿಯಲ್ಲಿ ಬಿಡಿಸಿ ಹೇಳಲೇಬೇಕು. ಸನ್ನಿ ಏರಿಳಿಯುವ ಕಾಯಿಲೆ. ಬೆಳಿಗ್ಗೆ ಎದ್ದು ಚೆನ್ನಾಗಿ ಮಾತಾಡಿದವಳು ಸಂಜೆಗೆ ಮನೆಬಿಟ್ಟು ಓಡಬಹುದು. ರಾತ್ರಿ ಅಂತ್ರ ಕಟ್ಟಿಸಿರುತ್ತಾರೆ, ಬೆಳಿಗ್ಗೆ ಅವಳು ನೆಟ್ಟಗಿರುತ್ತಾಳೆ. ಗುಣವಾಯಿತು ಎಂದು ಮನೆಯವರು ನಂಬುವುದು ಪೂರ್ತಿ ಸಹಜ, ಯಾಕೆಂದರೆ ಅವರು ಕಣ್ಣಾರೆ ಕಂಡಿದ್ದಾರೆ. ಆ ಅರ್ಧ ದಿನದ ಬಿಡುವಿನಲ್ಲೇ ಕಾವಲು ಸಡಿಲವಾಗುತ್ತದೆ. ತಾಯಿ ಮಗು ಇಬ್ಬರಿಗೂ ಅಪಾಯ ಬರುವುದು ಆಗಲೇ. "ಬೆಳಿಗ್ಗೆ ಚೆನ್ನಾಗಿದ್ದಳು" ಎಂಬ ಮಾತು ಕಿವಿಗೆ ಬಿದ್ದರೆ ಆಶಾ ನಿರಾಳವಾಗದೆ, "ನಿನ್ನೆ ಸಂಜೆ ಹೇಗಿದ್ದಳು?" ಎಂದು ಕೇಳಬೇಕು.

ಹೆರಿಗೆ_ವಾರ್ಡು

ಮೇಲಿನದ್ದು ಸರಿ, ಆದರೆ ಮನೋವೈದ್ಯರಿಗೆ ಕಳಿಸುವ ಮೊದಲು ಥರ್ಮಾಮೀಟರು ಹಚ್ಚಿ. ಹಳ್ಳಿಯಲ್ಲಿ "ಸನ್ನಿ" ಅನ್ನುವ ಮಾತು ಮೊದಲಿಂದಲೂ ಜ್ವರದ ಬಡಬಡಿಕೆಗೂ ಸೇರಿಸಿ ಆಡುವ ಮಾತು. ಗರ್ಭಕೋಶಕ್ಕೆ ನಂಜಾಗಿ ರಕ್ತಕ್ಕೆ ಏರಿದರೂ ಬಾಣಂತಿ ಹೀಗೇ ಬಡಬಡಿಸುತ್ತಾಳೆ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಇದ್ದರೆ, ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ, ಕಿಬ್ಬೊಟ್ಟೆ ಮುಟ್ಟಿದರೆ ನೋವೆಂದರೆ ಅದು ಹೆರಿಗೆ ಆಸ್ಪತ್ರೆಯ ತುರ್ತು ಕೇಸು.

ಬಿಪಿ ನೋಡಿ. ಹೆರಿಗೆಯಾದ ಮೇಲೂ, ಆರು ವಾರದವರೆಗೂ ಬಿಪಿ ಏರಿ ಫಿಟ್ಸ್ ಬರಬಹುದು. 140/90 ದಾಟಿದ್ದು, ತಲೆನೋವು, ಕಣ್ಣು ಮಂಜು ಅಂದರೆ ತಡಮಾಡಬಾರದು.

ಇನ್ನೊಂದು, ನಮ್ಮ ಕಡೆ ಹೆಚ್ಚು ನೋಡಬೇಕಾದದ್ದು: ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವುದು. ಹೆರಿಗೆಯಾದ ಕೆಲವು ವಾರ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುತ್ತದೆ. ಅದರ ಮೇಲೆ "ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪ ಆಗ್ತದೆ, ಶೀತ ಆಗ್ತದೆ" ಅಂತ ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸುತ್ತಾರೆ. ಸ್ವೆಟರು, ಕಂಬಳಿ, ಮುಚ್ಚಿದ ಕೋಣೆ, ಬೆವರು, ಮೇಲೆ ಹಾಲುಣಿಸುವುದು. ಮೈಯಲ್ಲಿ ನೀರು ಬತ್ತಿ ರಕ್ತ ದಪ್ಪವಾಗುತ್ತದೆ. ದಿನದಿನಕ್ಕೆ ಏರುವ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಅಥವಾ ಕಾಲು ಸೋಲುವುದು, ಅದರ ಜೊತೆ ಮಾತು ತಪ್ಪುವುದು. ಹೀಗಿದ್ದರೆ ಎಂಆರ್‌ಐ ಮತ್ತು ಸಿರೆಗಳ ಚಿತ್ರ ತೆಗೆಯುವ ಸೌಲಭ್ಯ ಇರುವಲ್ಲಿಗೇ ನೇರ ಹೋಗಬೇಕು. ಹೆಪ್ಪು ಬೆಳೆಯದಂತೆ ತಡೆಯುವ ಔಷಧ ಬೇಗ ಶುರುವಾದರೆ ಬಹಳ ಜನ ಎದ್ದು ಓಡಾಡುತ್ತಾರೆ. ಹಾಲುಣಿಸುವ ತಾಯಿಗೆ ದಿನಕ್ಕೆ ಮೂರು ಲೀಟರಿನಷ್ಟು ದ್ರವ ಬೇಕು. ತಣ್ಣೀರು ಬೇಡ ಎಂದರೆ ವಾದ ಬೇಡ. ಕಾಯಿಸಿ ಆರಿಸಿದ ಜೀರಿಗೆ ನೀರು, ಗಂಜಿ ತಿಳಿ, ಸಾರು, ಹಾಲು, ಏನಾದರೂ ಸರಿ. ಪ್ರತಿ ಸಲ ಮಗುವಿಗೆ ಹಾಲೂಡಿಸುವಾಗ ಪಕ್ಕದಲ್ಲಿ ಒಂದು ದೊಡ್ಡ ಲೋಟ ಇಟ್ಟುಬಿಡಿ, ಲೆಕ್ಕ ತಾನಾಗಿ ಬರುತ್ತದೆ.

ಕಾವಿಗೆಂದು ಮಂಚದ ಕೆಳಗೆ ಇಡುವ ಕೆಂಡದ ಬುಟ್ಟಿಯನ್ನೂ ನೋಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ. ತಾಯಿಗೆ ತಲೆಭಾರ, ಮಂಪರು, ವಾಂತಿ, ಮಗುವೂ ಮಂಕು. ಕೋಣೆಯಿಂದ ಹೊರಗೆ ಬಂದರೆ ಕಡಿಮೆ, ಒಳಗೆ ಹೋದರೆ ಜಾಸ್ತಿ. ಮನೆಯವರು "ಆ ಕೋಣೆಯಲ್ಲೇ ಏನೋ ಇದೆ" ಅನ್ನುತ್ತಾರೆ. ಇದೆ, ನಿಜ. ಬುಟ್ಟಿ ಹೊರಗಿಟ್ಟು ಕಿಟಕಿ ತೆಗೆಸಿ, ಇಬ್ಬರನ್ನೂ ವೈದ್ಯರಿಗೆ ತೋರಿಸಿ.

ಆಸ್ಪತ್ರೆಗೆ ಸೇರಿದ ಮೇಲೆ ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ, ಥೈರಾಯ್ಡ್, ಮೂತ್ರ ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳಿ. ಮಗು ತೀರಿಹೋಗಿ ಹಾಲು ನಿಲ್ಲಿಸಲು ಬ್ರೋಮೋಕ್ರಿಪ್ಟಿನ್ ಮಾತ್ರೆ ಕೊಟ್ಟಿದ್ದರೆ ಆ ಚೀಟಿ ಮನೋವೈದ್ಯರಿಗೆ ತೋರಿಸಲೇಬೇಕು, ಅದೇ ಮಾತ್ರೆ ಕೆಲವರಲ್ಲಿ ಸನ್ನಿ ಎಬ್ಬಿಸುತ್ತದೆ.

ಊರೂರು_ಸಮಾಜಕಾರ್ಯ

ನಂಬಿಕೆಯ ಪ್ರಶ್ನೆಗೆ ಬರುತ್ತೇನೆ.

ಆಶಾ ಮೊದಲು ಕೇಳಬೇಕಾದದ್ದು "ಎಲ್ಲಿ ಕೇಳಿಸಿದ್ರಿ, ಏನು ಪಥ್ಯ ಹೇಳಿದ್ರು?" ಎಂದು. ಗದರುವ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲಿ. ಉತ್ತರದಲ್ಲಿ ಅರ್ಧಕ್ಕರ್ಧ ನಿರುಪದ್ರವಿ ಸಂಗತಿಗಳೇ ಇರುತ್ತವೆ. ವಿಭೂತಿ, ಅಂತ್ರ, ಮೆಣಸಿನಕಾಯಿ ಉಪ್ಪು ನಿವಾಳಿಸುವುದು, ಮೌಲ್ವಿ ಊದಿದ ನೀರು, ಪಾದ್ರಿಯ ಪ್ರಾರ್ಥನೆ. ಐದು ನಿಮಿಷದ ಕೆಲಸ, ಮನೆಯವರ ನಡುಕ ಇಳಿಯುತ್ತದೆ, ಬಾಣಂತಿಯ ಸುತ್ತ ನಾಲ್ಕು ಜನ ಕೂತಂತಾಗುತ್ತದೆ. ಇದನ್ನು ಮುಟ್ಟಬೇಡಿ.

ಕೆಲವನ್ನು ಸ್ವಲ್ಪ ತಿದ್ದಿದರೆ ಸಾಕು. ಲೋಬಾನದ ಹೊಗೆ ದೇವರ ಮುಂದೆ ಇರಲಿ, ಮಗು ಮಲಗುವ ಕೋಣೆಯಲ್ಲಿ ಬೇಡ. ಅಮಾವಾಸ್ಯೆಯ ರಾತ್ರಿ ಪ್ರಯಾಣ, ಜಾಗರಣೆ, ಬೆಳಗಿನ ನಾಲ್ಕಕ್ಕೆ ತಣ್ಣೀರಿನ ತಲೆಸ್ನಾನ ಬಾಣಂತಿಗೆ ಬೇಡ, ಅವಳ ಪರವಾಗಿ ಅಣ್ಣನೋ ತಾಯಿಯೋ ಮಾಡಬಹುದೇ ಎಂದು ಪೂಜಾರಿಯನ್ನೇ ಕೇಳಿ. ಆಗುತ್ತದೆ ಎನ್ನುವವರೇ ಹೆಚ್ಚು. ಒಂದು ರಾತ್ರಿಯ ನಿದ್ದೆಗೇಡು ಈ ಕಾಯಿಲೆಗೆ ತುಪ್ಪ ಸುರಿದಂತೆ.

ತಡೆಯಲೇಬೇಕಾದವು ಇವು: ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನ ಹೊಗೆ, ಹೆಸರು ಗೊತ್ತಿಲ್ಲದ ಬೇರು-ಭಸ್ಮ ಕುಡಿಸುವುದು, ಕೊಡುತ್ತಿದ್ದ ಮಾತ್ರೆ ನಿಲ್ಲಿಸುವುದು, ತಾಯಿಯನ್ನು ಮಗುವಿನ ಜೊತೆ ಒಂಟಿಯಾಗಿ ಬಿಡುವುದು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಸರಪಳಿ ಹಾಕುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ತಡೆ ಕಾಯ್ದೆಯಡಿ ಅಪರಾಧ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಪೂಜೆ, ಹರಕೆ, ಪ್ರದಕ್ಷಿಣೆಗೆ ಆ ಕಾಯ್ದೆ ಅಡ್ಡಿ ಮಾಡುವುದಿಲ್ಲ, ಇದನ್ನೂ ಮನೆಯವರಿಗೆ ಹೇಳಿ. ಸರಪಳಿ ಯಾಕೆ ಬೇಡ ಎಂದು ಕೇಳಿದರೆ ಏರ್ವಾಡಿಯ ಮಾತು ಹೇಳಬಹುದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ದರ್ಗಾ ಊರಿನ ಖಾಸಗಿ ಆಶ್ರಯವೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು.

ಹಾಗೆಂದು ದೇವಸ್ಥಾನದಲ್ಲಿ ಏನೂ ಆಗುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಸಂಶೋಧಕರು ಅಳೆದು ನೋಡಿದ ವರದಿ 2002ರಲ್ಲಿ ಬಂತು. ಕೆಲವು ವಾರ ಅಲ್ಲಿದ್ದು ಹೊರಡುವಾಗ ಅವರ ಲಕ್ಷಣಗಳ ಅಂಕ ಸುಮಾರು 20% ಇಳಿದಿತ್ತು. ಅಲ್ಲಿ ದೆವ್ವ ಬಿಡಿಸುವ ವಿಶೇಷ ವಿಧಿಯೇನೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿದ್ದರು, ದಿನಕ್ಕೊಂದು ಕ್ರಮವಿತ್ತು, ಸಣ್ಣಪುಟ್ಟ ಕೆಲಸವಿತ್ತು, ಬೈಗುಳ ಇರಲಿಲ್ಲ. ನನ್ನ ತೀರ್ಮಾನ ಇಷ್ಟು: ಆ ಆಸರೆಯ ಗುಣ ನಿಜವಾದದ್ದು, ಚೇತರಿಕೆಯ ತಿಂಗಳುಗಳಲ್ಲಿ ಅದು ಬೇಕೇ ಬೇಕು. ಆದರೆ ಸನ್ನಿ ಗಂಟೆಗಂಟೆಗೆ ತಿರುಗುವ ಕಾಯಿಲೆ, ಪಕ್ಕದಲ್ಲಿ ಎಳೆಗೂಸು ಮಲಗಿರುತ್ತದೆ. ವಾರಗಟ್ಟಲೆ ಕಾಯುವ ದಾರಿ ಇದಕ್ಕೆ ಹೊಂದುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದುವಾ ಮಾಡುವವರೇ ದವಾ ಕೊಡುವ ವೈದ್ಯರ ಕಡೆಗೆ ಕಳಿಸುವ ಏರ್ಪಾಡು ನಡೆದಿದೆ. ಹಳ್ಳಿಯ ಮಟ್ಟಕ್ಕೆ ಇಳಿಸಿದರೆ ಅದರ ಅರ್ಥ, ಊರಿನ ಪೂಜಾರಿಗೂ ಮೌಲ್ವಿಗೂ ಆಶಾಳ ಫೋನ್ ನಂಬರು ಗೊತ್ತಿರಬೇಕು. "ಹೆರಿಗೆಯಾಗಿ ತಿಂಗಳಾಗದವರು ಯಾರೇ ಬಂದರೂ ನನಗೊಂದು ಫೋನ್ ಮಾಡಿ" ಎಂದು ಮೊದಲೇ ಹೇಳಿಟ್ಟಿರಬೇಕು.

ದೊಡ್ಡ ಅಡ್ಡಿ ಎದುರಾಗುವುದು ಪುರುಡಿನಲ್ಲಿ. "ಹನ್ನೊಂದು ದಿನ ಕಳೆಯಲಿ, ಆಮೇಲೆ ಹೊರಗೆ ಕಳಿಸ್ತೀವಿ." ಸನ್ನಿ ಏಳುವ ದಿನಗಳೂ ಅವೇ. ಆಗ ವಾದಿಸಿ ಫಲವಿಲ್ಲ. ಮನೆಯ ಹಿರಿಯ ಹೆಂಗಸನ್ನು ಪಕ್ಕಕ್ಕೆ ಕರೆದು ಹೀಗೆ ಹೇಳಿದರೆ ಬಾಗಿಲು ತೆರೆಯುತ್ತದೆ: "ಅಜ್ಜಿ, ಮುಡಿಪು ಈಗಲೇ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡಿ. ತೀರಿಸೋದು ಇವಳೇ ನಡ್ಕೊಂಡು ಹೋಗಿ ತೀರಿಸ್ಲಿ. ಆಸ್ಪತ್ರೆಗೆ ಪುರುಡಿಲ್ಲ, ಹೆರಿಗೆ ಆಗಿದ್ದೂ ಅಲ್ಲೇ ಅಲ್ವಾ?" ನಾಣ್ಯ ಕಟ್ಟಿಟ್ಟ ಆ ಗಂಟು ಕಣ್ಣೆದುರು ಇದ್ದರೆ ದೇವರಿಗೆ ತಪ್ಪಿ ನಡೆದೆವೆಂಬ ಭಯ ಕಳೆಯುತ್ತದೆ.

ಆಘಾತ_ಆಪ್ತಸಲಹೆ

ಆಘಾತದ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು, ಇಲ್ಲಿ ಒಳ್ಳೆಯ ಮನಸ್ಸಿನವರೂ ಎಡವುತ್ತಾರೆ.

ಸನ್ನಿಗೆ ಗಟ್ಟಿಯಾದ ಕಾರಣಗಳು ಮೈಗೆ ಸೇರಿದವು. ಮೊದಲೇ ಬೈಪೋಲಾರ್ ಕಾಯಿಲೆ (ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆ) ಇರುವುದು, ಹಿಂದಿನ ಹೆರಿಗೆಯಲ್ಲಿ ಸನ್ನಿ ಬಂದಿರುವುದು, ತಾಯಿಗೋ ಅಕ್ಕನಿಗೋ ಬಂದಿರುವುದು, ಚೊಚ್ಚಲ ಹೆರಿಗೆ, ಹೆರಿಗೆಯಾದ ಕೂಡಲೇ ಹಾರ್ಮೋನು ಧಡಕ್ಕನೆ ಇಳಿಯುವುದು, ನಿದ್ದೆಗೇಡು, ಬಸುರಿಯಾದಳೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿರುವುದು. ಏನೂ ಕಾಟವಿಲ್ಲದ, ಅಕ್ಕರೆಯ ಮನೆಯಲ್ಲೂ ಸನ್ನಿ ಬರುತ್ತದೆ. "ನೀವು ಹೆಣ್ಣುಮಗು ಅಂತ ಚುಚ್ಚಿದ್ದಕ್ಕೇ ಹೀಗಾಯ್ತು" ಎಂದು ಅತ್ತೆಯ ಮೇಲೆ ಹೊರಿಸಿದರೆ ಅದು ನಿಜವೂ ಅಲ್ಲದೆ ಹೋಗಬಹುದು, ಆಸ್ಪತ್ರೆಗೆ ಗಾಡಿ ಮಾಡಬೇಕಾದ ಮನೆಯೇ ಎದುರಾಗುತ್ತದೆ.

ಖಿನ್ನತೆಯ ಕಥೆ ಬೇರೆ. 2002ರಲ್ಲಿ ಪ್ರಕಟವಾದ ಗೋವಾ ಅಧ್ಯಯನದಲ್ಲಿ ಹೆರಿಗೆಯಾಗಿ ಆರೆಂಟು ವಾರಕ್ಕೆ 23% ತಾಯಂದಿರಲ್ಲಿ ಖಿನ್ನತೆ ಕಂಡಿತು. ಬಡತನ, ಗಂಡನ ಹಿಂಸೆ, ಗಂಡು ಬೇಕೆಂಬ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಅದರ ಜೊತೆ ಹೆಣೆದುಕೊಂಡಿದ್ದವು. ಇಲ್ಲಿ ಗಾಯ ನೇರವಾಗಿ ಕೆಲಸ ಮಾಡುತ್ತದೆ. ಅತ್ತೆ, ಗಂಡ ಪಕ್ಕದಲ್ಲಿ ನಿಂತಿರುವಾಗ ಹಿಂಸೆಯ ಬಗ್ಗೆ ಕೇಳಲೇಬೇಡಿ. "ಹೊಲಿಗೆ ನೋಡ್ಬೇಕು, ಎರಡು ನಿಮಿಷ ಎಲ್ಲರೂ ಹೊರಗಿರಿ" ಎಂದು ಬಾಗಿಲು ಮುಂದೆ ಮಾಡಿ ಆಮೇಲೆ ಕೇಳಿ. ಹೌದೆಂದರೆ ಮಹಿಳಾ ಸಹಾಯವಾಣಿ 181 ಮತ್ತು ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದ ವಿಷಯ ಹೇಳಿ. ಚೀಟಿ ಬರೆದುಕೊಟ್ಟು ಬರಬೇಡಿ, ಅದು ಬೇರೆಯವರ ಕೈಗೆ ಸಿಗುತ್ತದೆ.

ಹೆರಿಗೆ ಕೋಣೆಯಲ್ಲಿ ತೊಡೆಗೆ ಹೊಡೆಸಿಕೊಂಡು, ಬೈಸಿಕೊಂಡು ಬಂದವಳಿಗೆ ಆಸ್ಪತ್ರೆಯ ಫಿನಾಯಿಲ್ ವಾಸನೆಗೇ ಎದೆ ಹೊಡೆದುಕೊಳ್ಳುತ್ತದೆ. ಅವಳು ಬರುವುದಿಲ್ಲ ಎಂದು ಹಠ ಮಾಡಿದರೆ ಅದನ್ನು ದೆವ್ವದ ಹಠವೆಂದೂ ಕಾಯಿಲೆಯ ಹಠವೆಂದೂ ಬರೆದುಬಿಡುತ್ತಾರೆ. ಕರೆದೊಯ್ಯುವಾಗ ಅವಳೇ ಆರಿಸಿದ ಒಬ್ಬ ಹೆಂಗಸು ಕೈ ಹಿಡಿದಿರಲಿ. ಮುಟ್ಟುವ ಮೊದಲು "ಈಗ ಬಿಪಿ ಪಟ್ಟಿ ಕಟ್ತೀನಿ, ಬಿಗಿಯಾಗುತ್ತೆ, ಆಮೇಲೆ ಸಡಿಲ ಆಗುತ್ತೆ" ಎಂದು ಹೇಳಿ ಮುಟ್ಟಬೇಕು. ಸುಳ್ಳು ಹೇಳಿ ಗಾಡಿ ಹತ್ತಿಸಬೇಡಿ. ಮೊದಲೇ ಅನುಮಾನದಲ್ಲಿರುವವಳಿಗೆ ಆ ಸುಳ್ಳು ಸಾಕ್ಷಿಯಾಗುತ್ತದೆ, ಆಮೇಲೆ ಮಾತ್ರೆಯನ್ನೂ ನಂಬುವುದಿಲ್ಲ.

ಇನ್ನೊಂದು ಬಗೆಯಿದೆ, ತುಂಬ ಎಚ್ಚರ ಬೇಕು. "ಚಾಕು ನೋಡಿದ್ರೆ ಮಗುವಿಗೆ ಏನಾದ್ರೂ ಮಾಡಿಬಿಡ್ತೀನೇನೋ ಅನ್ಸುತ್ತೆ" ಎಂದು ಅಳುತ್ತಾ, ಚಾಕುಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿ, ಆ ಯೋಚನೆಗೇ ಹೇಸಿಕೊಳ್ಳುವ ತಾಯಿಗೆ ಇರುವುದು ಗೀಳು. ಆ ಯೋಚನೆಗೆ ವಿರುದ್ಧವಾಗಿ ಅವಳು ಹೋರಾಡುತ್ತಿದ್ದಾಳೆ. ಮಗುವನ್ನು ಅವಳಿಂದ ಕಿತ್ತುಕೊಂಡರೆ ಗೀಳು ಬಲಿಯುತ್ತದೆ. "ಈ ಮಗುವನ್ನು ದೇವರಿಗೆ ಒಪ್ಪಿಸಬೇಕು, ಅಪ್ಪಣೆ ಆಗಿದೆ" ಎಂದು ಶಾಂತವಾಗಿ ಹೇಳುವವಳ ಹತ್ತಿರ ಒಂದು ನಿಮಿಷವೂ ಮಗುವನ್ನು ಒಂಟಿಯಾಗಿ ಬಿಡಬಾರದು. ಅಳು ಇದೆಯೋ ಇಲ್ಲವೋ ಎಂಬುದರಿಂದ ಅಳೆಯಬೇಡಿ. "ಆ ಯೋಚನೆ ನಿನಗೆ ಬೇಡವೋ, ಅಥವಾ ಅದು ಸರಿ ಅನ್ನಿಸುತ್ತಾ?" ಎಂದು ಕೇಳಿ. ಯಾವುದೆಂದು ತಿಳಿಯದಿದ್ದರೆ ಎರಡನೆಯದೇ ಎಂದುಕೊಂಡು ಅವತ್ತೇ ವೈದ್ಯರಿಗೆ ತೋರಿಸಿ.

ತರಬೇತಿ_ಟಿಪ್ಪಣಿ

ತುಂಬ ಉಪಕಾರವಾಯಿತು. ಎರಡು ಮಾತಿಗೆ ಆಶಾಗಳ ಹತ್ತಿರ ಉತ್ತರ ಇರುವುದಿಲ್ಲ. "ಮಾತ್ರೆ ತಗೊಂಡರೆ ಹಾಲು ವಿಷ ಆಗುತ್ತೆ" ಎನ್ನುವುದು ಒಂದು. "ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೇ ಕತ್ತು ತಿರುಚಿಕೊಂಡು ಕಣ್ಣು ಮೇಲಾಯ್ತು, ದೆವ್ವ ರೇಗಿತು" ಎಂದು ರಾತ್ರೋರಾತ್ರಿ ಡಿಸ್‌ಚಾರ್ಜ್ ಮಾಡಿಸಿಕೊಂಡು ಹೋಗುವುದು ಇನ್ನೊಂದು.

ಹಗಲು_ಓಪಿಡಿ

ಎರಡನೆಯದು ಮೊದಲು. ಸನ್ನಿ ತಗ್ಗಿಸಲು ಹ್ಯಾಲೋಪೆರಿಡಾಲ್‌ನಂಥ ಇಂಜೆಕ್ಷನ್ ಕೊಟ್ಟ ಮೊದಲ ಕೆಲವು ಗಂಟೆಯಿಂದ ಮೂರ್ನಾಲ್ಕು ದಿನದೊಳಗೆ ಕೆಲವರಿಗೆ ಸ್ನಾಯು ಸೆಟೆಯುತ್ತದೆ. ಕತ್ತು ಒಂದು ಕಡೆ ತಿರುಗುತ್ತದೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಳುವುದಿಲ್ಲ. ನೋಡಿದವರಿಗೆ ದೆವ್ವ ಎನ್ನಿಸದೆ ಇನ್ನೇನು ಎನ್ನಿಸಬೇಕು? ಪ್ರೋಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಮುಂದೆ ಬರದ ಹಾಗೆ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಸೇರಿಸುತ್ತಾರೆ. ತಪ್ಪಾಗುವುದು ಎಲ್ಲೆಂದರೆ, ಇಂಜೆಕ್ಷನ್ ಕೊಡುವ ಮೊದಲು ಮನೆಯವರಿಗೆ ಇದನ್ನು ಹೇಳಿರುವುದಿಲ್ಲ. ಮೊದಲೇ ಹೇಳಿದ್ದರೆ ಅದು ಗೊತ್ತಿರುವ ತೊಂದರೆ, ಹೇಳದಿದ್ದರೆ ದೆವ್ವ. ಕೂತಲ್ಲಿ ಕೂರಲಾಗದೆ ಕಾಲು ಕುಣಿಸುತ್ತಾ ಓಡಾಡುವ ಚಡಪಡಿಕೆಯೂ ಔಷಧದ್ದೇ ಇರಬಹುದು. ಅದಕ್ಕೂ ಪರಿಹಾರವಿದೆ.

ಹಾಲಿನ ವಿಷಯ, ಸನ್ನಿಗೆ ಕೊಡುವ ಮಾತ್ರೆಗಳನ್ನು ಒಂದೊಂದಾಗಿ ನೋಡೋಣ: ಒಲಾಂಜಪಿನ್ ಸಾಮಾನ್ಯವಾಗಿ ರಾತ್ರಿ 5ರಿಂದ 10 ಮಿಲಿಗ್ರಾಂನಲ್ಲಿ ಶುರುವಾಗುತ್ತದೆ, ಹಾಲಿನಲ್ಲಿ ಹೋಗುವ ಪಾಲು ಬಹಳ ಕಡಿಮೆ. ಮಗು ಅತಿಯಾಗಿ ನಿದ್ದೆ ಮಾಡುತ್ತಿದೆಯೇ, ಚೀಪುವುದು ಸೋತಿದೆಯೇ, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದೆಯೇ, ತೂಕ ಏರುತ್ತಿದೆಯೇ ನೋಡಬೇಕು. ಕ್ಲೋಜಪಿನ್ ಇದ್ದರೆ ಹಾಲು ಬೇಡ. ಲಿಥಿಯಂ ಇದ್ದರೆ ಸಾಮಾನ್ಯವಾಗಿ ಹಾಲು ಬೇಡವೆನ್ನುತ್ತಾರೆ. ವ್ಯಾಲ್‌ಪ್ರೋಯೇಟ್ ಮುಂದಿನ ಬಸಿರಿನಲ್ಲಿ ಮಗುವಿಗೆ ಅಂಗದೋಷ, ಬುದ್ಧಿಬೆಳವಣಿಗೆಯ ತೊಂದರೆ ತರುತ್ತದೆ. ಹೆರುವ ವಯಸ್ಸಿನವರಿಗೆ ಅದನ್ನು ಬರೆದಿದ್ದರೆ "ಬೇರೆ ಇದೆಯಾ?" ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಮಾತ್ರೆಗೆ ಸಮನಾದದ್ದು ನಿದ್ದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಮಗು ಅಜ್ಜಿಯ ಪಕ್ಕದಲ್ಲಿರಲಿ. ಮಲಗುವ ಮುಂಚೆ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕೊಡಲಿ. ನಿದ್ದೆಯ ಮಾತ್ರೆ ತೆಗೆದುಕೊಂಡ ತಾಯಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು, ಹೊರಳಿದರೆ ಗೊತ್ತಾಗುವುದಿಲ್ಲ. ಊಟ-ನೀರು ಪೂರ್ತಿ ಬಿಟ್ಟಿದ್ದರೆ, ಸಾಯುವ ಮಾತಿದ್ದರೆ ಇಸಿಟಿ (ಮೆದುಳಿಗೆ ಅಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ) ಬೇಗ ಕೆಲಸ ಮಾಡುತ್ತದೆ. ಅರಿವಳಿಕೆ ಕೊಟ್ಟೇ ಮಾಡುತ್ತಾರೆ, ಅರಿವಳಿಕೆ ಇಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಊರೂರು_ಸಮಾಜಕಾರ್ಯ

ಸೇರಿಸಲು ಹೊರಟಾಗ ಮನೆಯವರಿಗೆ ಇರುವ ದೊಡ್ಡ ಭಯ, ಮಗುವನ್ನು ಎಲ್ಲಿ ಬಿಡುವುದು? ಅದೇ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆಯೆಂದು ವೈದ್ಯರು ಬೇರ್ಪಡಿಸಿದರೂ 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು, 30 ದಿನ ದಾಟಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ಘಟಕ 2009ರಿಂದ ಇದೆ. ಹತ್ತಿರದಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್. ಆದರೆ ತುರ್ತು ಇದ್ದಾಗ ಮಂಗಳವಾರಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ದಾರಿ ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಬೀಳುವುದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ತವರಿನ ಹೊಸಿಲಿನಲ್ಲೇ ಇದೆ. ಬಾಣಂತನ ತವರಲ್ಲಿ. ಫೈಲು, ಮಾತ್ರೆ, ವೈದ್ಯರ ಹೆಸರು ಎಲ್ಲ ತಾಯಿಗೆ ಗೊತ್ತು. ಮೂರನೇ ತಿಂಗಳೋ ಐದನೇ ತಿಂಗಳೋ ಮಡಿಲು ತುಂಬಿ ಗಂಡನ ಮನೆಗೆ ಕಳಿಸುವಾಗ ತೊಟ್ಟಿಲು, ಬೆಳ್ಳಿ ಕಾಲ್ಗಡಗ, ಸೀರೆ ಎಲ್ಲ ಹೋಗುತ್ತದೆ, ಫೈಲು ಮಾತ್ರ ಟ್ರಂಕಿನ ತಳದಲ್ಲಿ ಉಳಿಯುತ್ತದೆ. "ಅಲ್ಲಿ ಗೊತ್ತಾದ್ರೆ ಏನಂತಾರೋ" ಎಂಬ ಅಂಜಿಕೆ. ತೀವ್ರ ಲಕ್ಷಣ ಇಳಿಯಲು ವಾರಗಳು ಸಾಕು, ಆದರೆ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ನಡೆಸುತ್ತಾರೆ. ಮನೆ ಬದಲಾಗುವುದು ಅದರ ನಟ್ಟನಡುವೆ. ಆದ್ದರಿಂದ ಡಿಸ್‌ಚಾರ್ಜ್ ದಿನವೇ ಗಂಡನನ್ನು ಕೂರಿಸಿ ಹೇಳಬೇಕು. ಒಂದು ತಿಂಗಳ ಮಾತ್ರೆ ಅವನ ಕೈಯಲ್ಲೇ ಕೊಡಿ. ಚೀಟಿಯ ಫೋಟೋ ಎರಡೂ ಮನೆಯ ಫೋನಿನಲ್ಲಿರಲಿ. ಈ ಊರಿನ ಆಶಾ ಆ ಊರಿನ ಆಶಾಗೆ ಒಂದು ಕರೆ ಮಾಡಲಿ. ಸನ್ನಿ ಇಳಿದ ಮೇಲೆ ಎರಡು ಮೂರು ತಿಂಗಳು ಮಂಕು ಕವಿಯುವುದು ಸಾಮಾನ್ಯ. ಅದನ್ನು ಸೋಮಾರಿತನ ಎನ್ನಬೇಡಿ ಎಂದು ಅತ್ತೆಗೂ ಆಗಲೇ ಹೇಳಿಡಿ.

"ಹುಚ್ಚಿ ಇದಾಳೆ, ಬಿಟ್ಟುಬಿಡು" ಎಂಬ ಮಾತು ಹೊರಟರೆ, ಕಾಯಿಲೆಯ ಹೆಸರೊಂದೇ ವಿಚ್ಛೇದನಕ್ಕೆ ಸಾಲುವುದಿಲ್ಲ ಎಂಬುದು ಗೊತ್ತಿರಲಿ. ಜೊತೆಗೆ ಬಾಳಲು ಸಾಧ್ಯವೇ ಇಲ್ಲ ಎನ್ನುವಷ್ಟು ತೀವ್ರವಾಗಿದೆ ಎಂದು ಕೋರ್ಟಿನಲ್ಲಿ ತೋರಿಸಬೇಕಾಗುತ್ತದೆ. ಗುಣವಾಗುವ ಬಾಣಂತಿ ಸನ್ನಿ ಆ ಅಳತೆಗೆ ಸುಲಭಕ್ಕೆ ಬರುವುದಿಲ್ಲ.

ಕಾಲುನಡಿಗೆಯ ಹರಕೆ ತೀರಿಸಲು ಹೋಗುವುದಾದರೆ ಹಗಲು ಹೊರಟು ರಾತ್ರಿ ಮಲಗಿ ಹೋಗಲಿ, ರಾತ್ರಿಯ ಮಾತ್ರೆ ಚೀಲದಲ್ಲಿರಲಿ. ಲಿಥಿಯಂ ನುಂಗುತ್ತಿರುವವರು ನಿರಾಹಾರ, ನಿರ್ಜಲ ಉಪವಾಸ ಮಾಡಬಾರದು. ಮೈನೀರು ಇಳಿದರೆ ರಕ್ತದಲ್ಲಿ ಲಿಥಿಯಂ ಏರಿ ಕೈನಡುಕ, ವಾಂತಿಭೇದಿ, ತೂರಾಟ ಬರುತ್ತದೆ. ನೋವಿಗೆಂದು ಅಂಗಡಿಯಲ್ಲಿ ಕೇಳಿ ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಅದನ್ನು ಏರಿಸುತ್ತವೆ.

ಕೊನೆಗೆ ತಾಯಿ ಕಾರ್ಡು. ಒಮ್ಮೆ ಸನ್ನಿ ಬಂದವರಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಾಧ್ಯತೆ ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಇದೆ. ಮುಂದಿನ ಬಸಿರಿನ ಕಾರ್ಡು ತೆಗೆದ ದಿನವೇ ಮೊದಲ ಪುಟದಲ್ಲಿ ಬರೆಯಿರಿ: ಹಿಂದಿನ ಸಲ ಎಷ್ಟನೇ ದಿನ ಶುರುವಾಯಿತು, ಮೊದಲು ಕಂಡದ್ದು ಏನು, ಯಾವ ಮಾತ್ರೆ ಎಷ್ಟು ಮಿಲಿಗ್ರಾಂಗೆ ಒಗ್ಗಿತು, ಯಾವುದಕ್ಕೆ ಕತ್ತು ಸೆಟೆಯಿತು. ಏಳನೇ ತಿಂಗಳೊಳಗೆ ಮನೋವೈದ್ಯರನ್ನು ಒಮ್ಮೆ ಕಾಣಲಿ, ಹೆರಿಗೆಯಾದ ರಾತ್ರಿಯಿಂದಲೇ ಮಾತ್ರೆ ಬೇಕೇ ಎಂದು ಅವರು ಆಗಲೇ ಬರೆದುಕೊಡಲಿ, ಮೊದಲ ಹದಿನಾಲ್ಕು ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುವುದು ಎಂದು ಹೆಸರು ಹಿಡಿದು ಗೊತ್ತುಮಾಡಿ. ಕಾಯಿಲೆಯ ಹೆಸರು ಎಲ್ಲರ ಕಣ್ಣಿಗೆ ಬೀಳಬಾರದೆಂದು ಅವಳು ಹೇಳಿದರೆ ಬಿಳಿ ಹಾಳೆಯಲ್ಲಿ ಬರೆದು, ಮಡಚಿ, ಕಾರ್ಡಿನ ಪ್ಲಾಸ್ಟಿಕ್ ಕವರಿನ ಒಳಗೆ ಸೇರಿಸಿಡಿ.